ಹಿಸ್ಕೆ ಒಪ್ಪಿಕೊಂಡ ತಪ್ಪು

ಚಳಿಗೆ ಕಾಲುವೆಯ ನೀರು ಹೆಪ್ಪುಗಟ್ಟಿ ಐಸಾಯಿತೆಂದರೆ ವಿಯರ್ಸುಮ್ ಊರಿಗೆ ಊರೇ ಹುಚ್ಚು ಹಿಡಿಸಿಕೊಳ್ಳುತ್ತದೆ. ಹಲ್ಲಿನ ಡಾಕ್ಟರು ರೋಗಿಯ ಬಾಯಿ ತೆರೆಸಿಟ್ಟೇ ಓಡುತ್ತಾನೆ. ಶಾಲೆಯಿಂದ ಮಕ್ಕಳಿಗಿಂತ ಮೊದಲು ಮೇಷ್ಟ್ರೇ ಹೊರಬೀಳುತ್ತಾರೆ. ಎಲ್ಲರೂ ಓಡುವುದು ಒಂದೇ ಕಡೆಗೆ, ಹಿಸ್ಕೆಯ ಶೆಡ್ಡಿಗೆ.

ಐಸು ಬಾರದ ವರ್ಷಗಳಲ್ಲಿ ಹಿಸ್ಕೆ ಸೈಕಲ್ ರಿಪೇರಿಯವಳು. ಐಸು ಬಂತೋ, ಮಹಾರಾಣಿ. ಐಸಿನ ಮೇಲೆ ಜಾರಲು ಕಾಲಿಗೆ ಕಟ್ಟುವ ಸ್ಕೇಟುಗಳ ಅಲಗಿಗೆಲ್ಲ ನಲವತ್ತು ವರ್ಷದಿಂದ ಸಾಣೆ ಹಿಡಿದವಳು ಅವಳೇ. ಉಗುರಿನ ಮೇಲೆ ಅಲಗು ಎಳೆದು, ಬಿಳಿ ಪುಡಿ ಎದ್ದರೆ ಮಾತ್ರ ಸ್ಕೇಟು ಕೈಬಿಡುವಳು. ಜಾರಿಬಿದ್ದವರು ಯಾರಾದರೂ ಬಂದು ಅಲಗಿನ ಮೇಲೆ ದೂರು ಹೇಳಿದರೆ ಅವರ ಗತಿ ಮುಗಿಯಿತು.

"ಅಲಗು ನೆಟ್ಟಗೇ ಇದೆ. ಅದರ ಮೇಲೆ ನಿಂತಿರೋ ಪ್ರಾಣಿ ನೆಟ್ಟಗಿಲ್ಲ!"

ಪಾದ್ರಿಗೂ ಹೀಗೇ ಅಂದಿದ್ದಳು, ಪುಣ್ಯಾತ್ಗಿತ್ತಿ. ಸೋತವನ ಸ್ಕೇಟು ಕೆಟ್ಟಿತ್ತೆಂದು ಹಿಸ್ಕೆ ಹೇಳಿದರೆ ಆ ಓಟದ ಗೆಲುವು ಸೋತವನಿಗೇ ಸೇರತಕ್ಕದ್ದು ಎಂದು, ಓಟ ನಡೆಸುವ ಐಸ್ ಸಂಘದಲ್ಲಿ ಒಂದು ನಿಯಮವೂ ಇತ್ತು. ಆದರೆ ತನ್ನ ಕೈಕೆಲಸ ಕೆಟ್ಟಿತ್ತೆಂದು ಅವಳು ಹೇಳುವುದುಂಟೆ? ಒಂದೇ ಒಂದು ಸಲವೂ ಹೇಳಿರಲಿಲ್ಲ.

ಇನ್ನು ವೀಬ್ರೆನ್. ದೋಣಿ ಬಂದಾಗ ಸೇತುವೆ ಎತ್ತುವ, ದೋಣಿ ಹೋದಮೇಲೆ ಇಳಿಸುವ ಸಾಧು ಮನುಷ್ಯ. ಸಾವಿರದ ಒಂಬೈನೂರ ಅರವತ್ತಮೂರರ ಚಳಿಗಾಲದಲ್ಲಿ ಅವನು ಐಸಿನ ಮೇಲೆಯೇ ಹಿಸ್ಕೆಯನ್ನು ಮದುವೆಗೆ ಕೇಳಿದ. ಇಪ್ಪತ್ತೆರಡರ ಪ್ರಾಯದ ಜಂಬ ನೋಡಿ, ಅವಳು ಊರೆಲ್ಲ ಕೇಳುವಂತೆ, "ಮೊದಲು ಐಸಿನ ಓಟದಲ್ಲಿ ನನ್ನನ್ನ ಸೋಲಿಸು, ಆಮೇಲೆ ಮದುವೆ ಮಾತು!" ಎಂದುಬಿಟ್ಟಳು. ವೀಬ್ರೆನ್ ಸೋತ. "ಮುಂದಿನ ಐಸಿಗೆ ನೋಡೋಣ," ಎಂದು ಟೋಪಿ ಎತ್ತಿ ಹೋದ. ಆದರೆ ಐಸು ಕರೆದಾಗ ಬರುವ ನೆಂಟನಲ್ಲ. ಎಪ್ಪತ್ತೊಂಬತ್ತರಲ್ಲಿ ಬಂತು, ಸೋತ. ಎಂಬತ್ತೈದರಲ್ಲಿ ಬಂತು, ಮತ್ತೆ ಸೋತ. ಪ್ರತಿ ಸಲವೂ ಅದೇ ಟೋಪಿ, ಅದೇ ಮಾತು. ಹಿಸ್ಕೆಗೂ ಬೇರೆ ಯಾರೂ ಬೇಕಿರಲಿಲ್ಲ. ಊರೆದುರು ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ಜಂಬ ಬಿಡಲಿಲ್ಲ, ಅಷ್ಟೆ.

ತೊಂಬತ್ತೇಳರ ಜನವರಿಯಲ್ಲಿ ಐಸು ಬಂದಾಗ ಹಿಸ್ಕೆಗೆ ಐವತ್ತಾರು. ವೀಬ್ರೆನ್ ಹೊಸ ಬಗೆಯ ಸ್ಕೇಟು ತಂದಿದ್ದ. ಹೆಜ್ಜೆ ತಳ್ಳಿದಾಗ ಅದರ ಹಿಮ್ಮಡಿ ಅಲಗಿನಿಂದ ಮೇಲೆದ್ದು, ಸ್ಪ್ರಿಂಗಿನ ಬಲದಿಂದ 'ಟಪ್' ಎಂದು ಮರಳಿ ಕೂರುತ್ತಿತ್ತು.

"ಇದೇನಯ್ಯಾ, ಬಾಗಿಲು ಕಾಲಿಗೆ ಕಟ್ಕೊಂಡ್ ಬಂದಿದೀಯ?" ಎಂದು ಹಿಸ್ಕೆ ಗೇಲಿ ಮಾಡಿದಳು. ಆದರೆ ಸಾಣೆ ಹಿಡಿಯುವಾಗ, ಈ ಸಲವಾದರೂ ಗೆಲ್ಲಲಿ ದೇವರೇ ಎಂದು ಅಲಗನ್ನು ಮೂರು ಸಲ ಉಗುರಿಗೆ ಎಳೆದು ನೋಡಿದಳು.

ನೂರರವತ್ತು ಮೀಟರು, ಅಕ್ಕಪಕ್ಕ ಎರಡು ದಾರಿ, ಮೂರರಲ್ಲಿ ಎರಡು ಓಟ ಗೆದ್ದವರೇ ಗೆದ್ದಂತೆ. ಮೊದಲನೆಯದು ಹಿಸ್ಕೆಗೆ. ಎರಡನೆಯದರಲ್ಲಿ ಟಪ್ ಟಪ್ ಎನ್ನುತ್ತ ವೀಬ್ರೆನ್ ಅವಳನ್ನು ದಾಟಿಯೇ ಹೋದ! ಬಟಾಣಿ ಸೂಪು ಕುಡಿಯುತ್ತಿದ್ದವರು ಸೂಪು ಚೆಲ್ಲಿಕೊಂಡು ಕುಣಿದರು. ಸೋತ ಹಿಸ್ಕೆಗೂ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಅವನ ಸ್ಕೇಟಿನ ಸ್ಪ್ರಿಂಗು ಪಟ್ಟನೆ ಮುರಿಯಿತು.

"ಮುಂದಿನ ಐಸಿಗೆ ನೋಡೋಣ ಬಿಡು," ಎಂದ ವೀಬ್ರೆನ್.

"ಬಾಯ್ಮುಚ್ಚು, ಕಾಲು ಕೊಡು!" ಹಿಸ್ಕೆ ಸೂಪಿನ ಅಂಗಡಿಯಿಂದ ಬೀನ್ಸ್ ಭರಣಿಯ ಮುಚ್ಚಳದ ಕೆಂಪು ರಬ್ಬರ್ ಉಂಗುರ ಕಿತ್ತು ತಂದಳು. ಸ್ಪ್ರಿಂಗಿನ ಜಾಗಕ್ಕೆ ಬಿಗಿದಳು. ಸ್ಕೇಟು ಮತ್ತೆ ಟಪ್ ಎಂದಿತು.

ಮೂರನೆಯ ಓಟ. ನಿಧಾನ ಮಾಡೇ, ನಿಧಾನ ಮಾಡೇ ಎಂದು ಹಿಸ್ಕೆ ತನಗೆ ತಾನೇ ಹೇಳಿಕೊಂಡಳು. ಕಾಲು ಕೇಳಬೇಕಲ್ಲ! ಮೂವತ್ತನಾಲ್ಕು ವರ್ಷ ಗೆದ್ದು ಗೆದ್ದು ಕೊಬ್ಬಿದ ಕಾಲು. ಕೊನೆಯ ಗೆರೆಯನ್ನು ಒಂದು ಗೇಣಿನಷ್ಟು ಮೊದಲೇ ದಾಟಿಬಿಟ್ಟಳು.

ಚಪ್ಪಾಳೆಯೇ ಇಲ್ಲ. ವೀಬ್ರೆನ್ ಟೋಪಿಗೆ ಕೈ ಹಾಕಿದ. ಟೋಪಿಯ ಕೆಳಗಿನ ಕೂದಲು ಪೂರ್ತಿ ಬೆಳ್ಳಗಾಗಿದ್ದನ್ನು ಹಿಸ್ಕೆ ಆಗ ಕಂಡಳು. ಮುಂದಿನ ಐಸು ಯಾವಾಗಲೋ, ಯಾರಿಗೆ ಗೊತ್ತು?

"ಹಾರ್ಮೆನ್!" ಎಂದು ಐಸ್ ಸಂಘದ ಅಧ್ಯಕ್ಷನನ್ನು ಕೂಗಿದಳು. "ಈ ಓಟ ವೀಬ್ರೆನ್‌ದು. ಸ್ಕೇಟು ಸರಿಯಿರ್ಲಿಲ್ಲ. ರಿಪೇರಿ ಕೆಟ್ಟದಾಗಿತ್ತು."

ಹಾರ್ಮೆನ್ ಕಿವಿಯ ಉಣ್ಣೆಪಟ್ಟಿ ಸರಿಸಿದ. "ಏನಂದೆ? ಯಾರು ಮಾಡಿದ ರಿಪೇರಿ?"

"ನಾನು ಮಾಡಿದ್ದು ಕಣೋ, ಕಿವುಡ! ನನ್ನ ಕೈಕೆಲಸ ಕೆಟ್ಟಿತ್ತು. ಇನ್ನೊಂದ್ಸಲ ಹೇಳಿಸ್ಬೇಡ!"

ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನಿಂತಿತು. ಸತ್ಯಸಂಧ ವೀಬ್ರೆನ್, ಅವನ ತಲೆಗೆ ಇದು ಹತ್ತಬೇಕಲ್ಲ, ಕಾಲೆತ್ತಿ ತೋರಿಸಿದ. ಅಲಗು ಟಪ್ ಎಂದು ಬಂದು ಹಿಮ್ಮಡಿಗೆ ಕೂತಿತು. ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಇಲ್ಲ ಹಿಸ್ಕೆ, ಚೆನ್ನಾಗೇ ಇದೆಯಲ್ಲ," ಎಂದ.

"ಕಾಲು ಕೆಳಗಿಡು ಮಾರಾಯಾ," ಎಂದಳು ಹಿಸ್ಕೆ. "ಕೆಳಗಿಟ್ಟು, ಅರವತ್ತಮೂರರಲ್ಲಿ ಕೇಳಿದ್ದನ್ನ ಈಗ ಮತ್ತೆ ಕೇಳು."