ನಾನು ಬೇಡವೆಂದ ಕೈಗಳಲ್ಲೇ ಮೊಮ್ಮಗಳು ಉಳಿದಳು

ಕಳೆದ ಆಷಾಢದ ಎರಡನೇ ಶುಕ್ರವಾರ ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋಗುವ ಬಸ್ಸಿನ ಸಾಲಿನಲ್ಲಿ ನಿಂತಿದ್ದಾಗ ಅಳಿಯ ಗಿರೀಶರ ಫೋನು ಬಂತು.

"ಅತ್ತೆ, ರಂಜಿನಿಗೆ ಬಿಪಿ ಏರಿ ಫಿಟ್ಸ್ ಬಂದ್ಬಿಡ್ತು. ಈಗ್ಲೇ ಆಪರೇಷನ್ ಮಾಡಿ ಮಗು ತೆಗೀಬೇಕಂತೆ."

ಬಸುರಿ ಮಗಳಿಗೆ ಆಗಷ್ಟೇ ಏಳು ತಿಂಗಳು ತುಂಬಿತ್ತು. ಹಣ್ಣುಕಾಯಿಯ ಚೀಲವನ್ನು ಪಕ್ಕದಲ್ಲಿದ್ದವರ ಕೈಗಿತ್ತು, ಆಟೋ ಹತ್ತಿ ಆಸ್ಪತ್ರೆಗೆ ಓಡಿದೆ.

ಆಪರೇಷನ್ ಮುಗಿದ ಮೇಲೂ ಮಗಳಿಗೆ ಪ್ರಜ್ಞೆ ಬರಲಿಲ್ಲ. ಮೊಮ್ಮಗಳು ಮೇಲಿನ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ತೂಕ ಒಂದೂಕಾಲು ಕೆಜಿ. ಕೈ ತೊಳೆದು, ಗೌನು ತೊಟ್ಟು ಒಳಗೆ ಹೋದವಳು ಬೆಚ್ಚಿಬಿದ್ದೆ. ಕೂಸಿನ ಬಟ್ಟೆ ಬದಲಿಸುತ್ತಿದ್ದವನು ಅಗಲ ಭುಜದ, ಆಳೆತ್ತರದ ಗಂಡಸು! ಹೆಸರು ಮಹದೇವಸ್ವಾಮಿ, ನಂಜನಗೂಡಿನ ಕಡೆಯ ರೈತರ ಮನೆಯವನು. ಉಳಿದ ನರ್ಸುಗಳನ್ನು ಸಿಸ್ಟರ್ ಎನ್ನುವಂತೆ ಅವನನ್ನು ಎಲ್ಲರೂ 'ಬ್ರದರ್' ಎನ್ನುತ್ತಿದ್ದರು.

ನಮ್ಮದು ಹಿಂದೆ ಅರಮನೆಯ ಸೇವೆಯಲ್ಲಿದ್ದ ಮನೆತನ. ಚಾಮರಾಜಪುರಂನ ನಮ್ಮ ಮನೆಯಲ್ಲಿ ಎಳೆಕೂಸನ್ನು ಗಂಡಸರು ಎತ್ತಿಕೊಂಡದ್ದನ್ನೇ ನಾನು ಕಂಡವಳಲ್ಲ. ನೇರ ಹೆಡ್ ಸಿಸ್ಟರ್ ಬಳಿ ಹೋದೆ.

"ಹೆಣ್ಣು ಕೂಸು ಕಣ್ರೀ. ಯಾರಾದ್ರೂ ಸಿಸ್ಟರನ್ನ ಹಾಕಿ."

"ಅಮ್ಮಾ, ಇಷ್ಟು ಚಿಕ್ಕ ಮಕ್ಕಳನ್ನ ನೋಡ್ಕೊಳೋದ್ರಲ್ಲಿ ಇಲ್ಲಿ ಅವರನ್ನ ಮೀರಿಸೋರಿಲ್ಲ," ಎಂದರು ಆಕೆ.

ನಾನು ಕೇಳಲಿಲ್ಲ, ದೂರು ಬರೆದುಕೊಟ್ಟೆ. ಕಾರಿಡಾರಿನಲ್ಲಿ ಕೂತು, "ತಾಯಿ ಚಾಮುಂಡಿ, ಅವನನ್ನು ದೂರವಿಡು, ಕೂಸನ್ನು ಉಳಿಸು" ಎಂದು ಬೇಡಿಕೊಂಡೆ.

ಮರುದಿನ ನನಗೆ ಕೆಮ್ಮು ಹತ್ತಿದ್ದರಿಂದ ಒಳಗೆ ಬಿಡಲಿಲ್ಲ. ಗಾಜಿನಾಚೆ ನಿಂತು ನೋಡುತ್ತಿದ್ದೆ. ಮಹದೇವಸ್ವಾಮಿಯನ್ನು ಬೇರೆ ಮಗುವಿಗೆ ಹಾಕಿದ್ದರು. ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ಕೂಸಿನ ತುಟಿ ನೀಲಿಯಾಯಿತು, ಯಂತ್ರ ಕೂಗಿಕೊಂಡಿತು. ಹೊಸ ಸಿಸ್ಟರ್ ತಿರುಗಿ ನೋಡುವುದರೊಳಗೆ ಮಹದೇವಸ್ವಾಮಿ ಅಲ್ಲಿದ್ದ. ಅಂಗಾಲು ತಟ್ಟಿದ, ಬೆನ್ನು ನೀವಿದ. ಉಸಿರು ಬರಲಿಲ್ಲ. ಪುಟ್ಟ ಮಾಸ್ಕನ್ನು ಮುಖಕ್ಕಿಟ್ಟು, ಗಾಳಿಚೀಲವನ್ನು ಎರಡೇ ಬೆರಳಲ್ಲಿ ಒತ್ತತೊಡಗಿದ. ಆ ದಪ್ಪ ಬೆರಳುಗಳು ಹೂವಿನ ಎಸಳು ಮುಟ್ಟುವಂತೆ ಆಡುತ್ತಿದ್ದವು. ಡಾಕ್ಟರು ಓಡಿ ಬರುವಷ್ಟರಲ್ಲಿ ಕೂಸು ಕೀರಲು ದನಿಯಲ್ಲಿ ಅತ್ತಿತು. ಅವನನ್ನು ದೂರವಿಡೆಂದು ಬೇಡಿದ್ದೆನಲ್ಲ! ತಾಯಿ ಅದೊಂದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅವತ್ತೇ ಮಹದೇವಸ್ವಾಮಿಯವರನ್ನು ಮತ್ತೆ ಕೂಸಿನ ಬಳಿಗೆ ಹಾಕಿಸಿದೆ. ಔಷಧಿ ನಡೆಯುತ್ತಿದ್ದರೂ ಆಗಾಗ ಉಸಿರು ನಿಲ್ಲುತ್ತಿತ್ತು. ನಾಲ್ಕನೇ ದಿನ ಡಾಕ್ಟರು ಹೊರಗೆ ಬಂದು, ಮಗುವಿಗೆ ತಾಯಿಯ ಮೈಶಾಖ ಸಿಕ್ಕರೆ ಒಳ್ಳೆಯದು ಎಂದರು. ತಾಯಿಗೇ ಎಚ್ಚರವಿಲ್ಲ. ಜೊತೆಗೆ ಬಂದಿದ್ದ ಮಹದೇವಸ್ವಾಮಿ ಗಿರೀಶರ ಕಡೆ ತಿರುಗಿದರು.

"ಸಾರ್, ಶರ್ಟ್ ಬಿಚ್ಚಿ ಕೂತ್ಕೊಳಿ. ಅಪ್ಪನ ಎದೆನೂ ಆಯ್ತದೆ."

ಗಿರೀಶರು ಕಾಲೇಜಿನಲ್ಲಿ ಪಾಠ ಹೇಳುವ ಗಂಭೀರ ಮನುಷ್ಯ. ಆದರೂ ಒಳಗೆ ಹೋಗಿ ಶರ್ಟ್ ಬಿಚ್ಚಿ ಕೂತರು. ಮಹದೇವಸ್ವಾಮಿ ಕೂಸನ್ನು ಅವರ ಬರಿಯ ಎದೆಗೆ ಒರಗಿಸಿ, ಬಟ್ಟೆ ಸುತ್ತಿ ಕಟ್ಟಿದರು. ಅಳಿಯ ಗಳಗಳ ಅತ್ತದ್ದನ್ನು ಗಾಜಿನಾಚೆಯಿಂದ ನೋಡಿದೆ. ಆ ಮಧ್ಯಾಹ್ನವೆಲ್ಲ ಕೂಸಿನ ಉಸಿರು ಒಮ್ಮೆಯೂ ನಿಲ್ಲಲಿಲ್ಲ. ಎರಡು ದಿನಕ್ಕೆ ಮಗಳೂ ಕಣ್ಣು ಬಿಟ್ಟಳು.

ಅಂದು ಸಂಜೆ ಕಾರಿಡಾರಿನಲ್ಲಿ ಮಹದೇವಸ್ವಾಮಿಯವರನ್ನು ತಡೆದು, "ದೂರು ಕೊಟ್ಟವಳು ನಾನೇ ಕಣಪ್ಪ," ಎಂದೆ.

"ಗೊತ್ತು ಬುಡಿ ಅಮ್ಮಾ. ಹೆಂಗಸ್ರ ಕೆಲ್ಸಕ್ಕೆ ಸೇರ್ಬುಟ್ಟ ಅಂತ ನಮ್ಮವ್ವ ಆರು ತಿಂಗ್ಳು ಮಾತೇ ಬುಟ್ಟಿದ್ರು."

"ಈಗ?"

"ಈಗ ಊರಲ್ಲಿ ಯಾರ್ಗೆ ಜ್ವರ ಬಂದ್ರೂ ನಂಗೇ ಫೋನ್ ಮಾಡುಸ್ತಾರೆ!"

ಕೂಸು ಮನೆಗೆ ಬಂದು ಈಗ ನಗುತ್ತಿದೆ. ಭಕ್ತ ಬಂಧುಗಳೇ, ದಿನವೂ ದೀಪ ಹಚ್ಚಿ ತಾಯಿಗೆ ಕೈಮುಗಿಯುತ್ತೇನೆ. ಏನು ಬೇಕೋ ಅದನ್ನಷ್ಟೇ ಕೇಳುತ್ತೇನೆ. ಯಾರ ಕೈಯಲ್ಲಿ ಕಳಿಸಬೇಕೆಂದು ಅವಳಿಗೆ ಹೇಳಿಕೊಡುವುದನ್ನು ಬಿಟ್ಟಿದ್ದೇನೆ.