ಗರುಡನ ಗೂಡಿನಲ್ಲಿ ಹಸಿರು ದಾರ

ಬೇಲೆಕೇರಿಯ ಸುಗಂಧಕ್ಕನಿಗೆ ಮೆಲ್ಲಗೆ ಮಾತಾಡುವುದು ಯಾವತ್ತೂ ಬಂದದ್ದಿಲ್ಲ. ಮಾಜಾಳಿಯ ದಂಡೆಯಲ್ಲಿ ಹುಟ್ಟಿ, ತೆರೆಯ ಸದ್ದನ್ನು ಮೀರಿಸಿ ಕೂಗುತ್ತಲೇ ಬೆಳೆದ ಹೆಂಗಸು. ಮದುವೆಯಾಗಿ ಬೇಲೆಕೇರಿಗೆ ಬಂದಮೇಲೆ ಮೂವತ್ತು ವರ್ಷದಿಂದ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಮಾತೆಲ್ಲ ಕನ್ನಡ, ಸಿಟ್ಟು ಬಂದರೆ ಮಾತ್ರ ತವರಿನ ಕೊಂಕಣಿ. ನನ್ನ ಫೋಟೋ ಸ್ಟುಡಿಯೋ ಮೀನುಪೇಟೆಯ ಎದುರಿಗೇ ಇದ್ದುದರಿಂದ ನನಗೂ ಕೊಂಕಣಿ ಚೆನ್ನಾಗಿ ಬರತೊಡಗಿತ್ತು.

೨೦೦೪ರ ಫೆಬ್ರುವರಿಯಲ್ಲಿ ಒಂದು ದಿನ ಬುಟ್ಟಿ ಹೊತ್ತವರೇ ಸ್ಟುಡಿಯೋದ ಬಾಗಿಲಿಗೆ ಬಂದು ನಿಂತರು.

“ಫೋಟೋದವ್ರೇ, ನಮ್ಮನೆ ಹಿಂದಿನ ಮರದಾಗೆ ಗರುಡ ಮರಿ ಮಾಡ್ಯದೆ. ಯಾವಾಗ್ಲೂ ಮದುವೆ ಮಕ್ಕಳದ್ದೇ ತೆಗೀತ್ರಿ. ದೇವರ ಮಕ್ಕಳದ್ದೂ ಒಂದು ತೆಗೀರಲ್ಲ!”

ನನಗೆ ಹಕ್ಕಿಯ ಹುಚ್ಚಿರುವುದು ಪೇಟೆಗೆಲ್ಲ ಗೊತ್ತಿತ್ತು. ಕದ್ರಾ ವಿದ್ಯುತ್ ಕೇಂದ್ರದಲ್ಲಿದ್ದ ಗೆಳೆಯನೊಬ್ಬನ ಉದ್ದ ಲೆನ್ಸನ್ನು ಕಾಡಿಬೇಡಿ ತಂದು, ಮರುದಿನವೇ ಬೇಲೆಕೇರಿ ಬಸ್ಸು ಹತ್ತಿದೆ.

ಮನೆಯ ಹಿಂದೆ ಗುಡ್ಡದ ಇಳಿಜಾರು. ಅದರ ಬುಡದಲ್ಲಿ ಎತ್ತರದ ಹೊನ್ನೆ ಮರ. ಇಳಿಜಾರಿನ ಅರ್ಧಕ್ಕೆ ಹತ್ತಿ ಕೂತರೆ ಗೂಡು ಕಣ್ಣಿನ ಮಟ್ಟಕ್ಕೇ ಬರುತ್ತಿತ್ತು. ಅಲ್ಲೊಂದು ತೆಂಗಿನ ಮಡಲಿನ ಗುಡಿಸಲು ಕಟ್ಟಿಕೊಂಡೆ. ಇಬ್ಬರು ಮುದುರಿ ಕೂರುವಷ್ಟು ದೊಡ್ಡದು, ಮುಂದೆ ಲೆನ್ಸಿಗೊಂದು ತೂತು. ಎರಡು ದಿನ ಅದನ್ನು ಖಾಲಿ ಬಿಟ್ಟೆ. ಹಕ್ಕಿಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆದರೆ ಮೂರನೇ ದಿನ ನಾನು ಒಳಗೆ ಹೋದದ್ದೇ ತಡ, ತಾಯಿ ಗರುಡ ಎದುರಿನ ತೆಂಗಿನ ತಲೆಯ ಮೇಲೆ ಕೂತು ಗುಡಿಸಲನ್ನೇ ನೋಡತೊಡಗಿತು. ಮನುಷ್ಯ ಒಳಗಿದ್ದಾನೆಂದು ಅದಕ್ಕೆ ಗೊತ್ತು.

ಅರ್ಧ ತಾಸು ಕಳೆದು ಅದು ಇನ್ನೇನು ಗೂಡಿಗೆ ಬರಬೇಕು, ಕೆಳಗಿನಿಂದ ಕೂಗು ಬಂತು.

“ಫೋಟೋದವ್ರೇ! ಚಾ ತರ್ತೆ! ಸಕ್ರೆ ಎಷ್ಟು?”

ಹಕ್ಕಿ ಸಮುದ್ರದ ಕಡೆ ಹೋಯಿತು. ಅದು ಮರಳಿ ಬಂದಾಗ ಅವಲಕ್ಕಿಯ ವಿಚಾರಣೆ. ಮತ್ತೆ ಬಂದಾಗ ಊಟಕ್ಕೆ ಸಾರು ಖಾರ ಬೇಕೋ ಬೇಡವೋ ಎಂಬ ಪ್ರಶ್ನೆ. ಸಂಜೆ ಕ್ಯಾಮೆರಾದಲ್ಲಿ ಒಂದು ಚಿತ್ರವೂ ಇಲ್ಲ, ನನ್ನ ಹೊಟ್ಟೆಯಲ್ಲಿ ಮಾತ್ರ ಜಾಗವಿರಲಿಲ್ಲ.

ಹಕ್ಕಿಯನ್ನು ನಂಬಿಸುವ ಒಂದು ಉಪಾಯವಿದೆ: ಇಬ್ಬರು ಒಳಗೆ ಹೋಗಬೇಕು, ಒಬ್ಬರು ಹೊರಗೆ ಬರಬೇಕು. ಎಲ್ಲರೂ ಹೋದರೆಂದು ಅದು ತಿಳಿಯುತ್ತದೆ. ಇದನ್ನು ವಿವರಿಸಿದಾಗ ಸುಗಂಧಕ್ಕನಿಗೆ ಬಹಳ ಬೇಜಾರಾಯಿತು. “ದೇವರಿಗೆ ಎರಡರ ತನಕವೂ ಎಣಿಸೂಕೆ ಬರೂದಿಲ್ವಾ?” ಎಂದರು. ಆದರೂ ಮರುದಿನ ಬೆಳಿಗ್ಗೆ ನನ್ನ ಜೊತೆ ಗುಡಿಸಲಿಗೆ ನುಗ್ಗಿ, ಹೊರಗೆ ಬಂದು, ಹಕ್ಕಿಗೆ ಕೇಳುವಂತೆ, “ಸರಿ, ಎಲ್ಲರೂ ಮನೆಗೆ ಹೋದ್ರು!” ಎಂದು ಘೋಷಿಸಿ ಇಳಿದರು.

ಒಳಗೆ ಹೋಗುವ ಮೊದಲು ಅವರು ನನಗೊಂದು ಗುಟ್ಟು ಹೇಳಿದ್ದರು. ಅಂಗಳದಲ್ಲಿ ಒಣಹಾಕಿದ ಬಂಗಡೆ ಮೀನು ಎರಡು ವರ್ಷದಿಂದ ಕಾಣೆಯಾಗುತ್ತಿದೆ. ಕದಿಯುವವಳು ಪಕ್ಕದ ಮನೆಯ ಕಾಮಿ. ಹಾಗೆಂದು ಊರ ನಲ್ಲಿಯ ಹತ್ತಿರ ನಿಂತು ಕೂಗಿಯೂ ಆಗಿದೆ. ಅಂದಿನಿಂದ ಎರಡು ಮನೆಗೂ ಮಾತಿಲ್ಲ.

“ಈ ಸಲ ತಪ್ಪಿಸ್ಕಂಬೂಕೆ ಆಗೂದಿಲ್ಲ. ಮೊನ್ನೆಯಿಂದ ಒಂದೊಂದು ಬಂಗಡೆ ಬಾಲಕ್ಕೂ ನಮ್ಮನೆಯವ್ರ ಹಳೇ ಬಲೆಯ ಹಸಿರು ದಾರ ಕಟ್ಟೀನಿ. ಅವಳ ಮನೇಲಿ ಆ ದಾರ ಕಾಣ್ಲಿ, ಆಮೇಲೆ ನೋಡಿ!”

ಉಪಾಯ ಫಲಿಸಿತು. ಹತ್ತು ಗಂಟೆಯ ಹೊತ್ತಿಗೆ ತಾಯಿ ಗೂಡಿಗೆ ಇಳಿಯಿತು. ಬಿಳಿ ತಲೆ, ಕೆಮ್ಮಣ್ಣಿನ ಬಣ್ಣದ ರೆಕ್ಕೆ. ಎರಡು ಮರಿಗಳು ಕತ್ತು ಚಾಚಿ ಕಿರುಚಿದವು. ಅದು ಕಾಲಿನಡಿ ಮೀನನ್ನು ಒತ್ತಿ ಹಿಡಿದು, ಉಗುರಿನಷ್ಟು ಚೂರು ಹರಿದು, ತಲೆ ಓರೆ ಮಾಡಿ ಮರಿಯ ಬಾಯಿಗಿಟ್ಟಿತು. ದೊಡ್ಡದು ಚಿಕ್ಕದನ್ನು ಮೆಟ್ಟಿ ಎಲ್ಲವನ್ನೂ ನುಂಗುತ್ತಿತ್ತು. ತಾಯಿ ಆ ಬದಿಗೆ ತಿರುಗಿ ನಿಂತು ಚಿಕ್ಕದಕ್ಕೆ ಕೊಟ್ಟಿತು. ನಾನು ಕ್ಯಾಮೆರಾದ ಗುಂಡಿ ಒತ್ತುತ್ತಲೇ ಹೋದೆ. ದೊಡ್ಡ ಮರಿ ಉದ್ದವಾದ ಏನನ್ನೋ ಬಾಯಲ್ಲಿ ಹಿಡಿದು ಎಳೆಯತೊಡಗಿತು, ತಾಯಿ ಆ ಕಡೆಯಿಂದ ಎಳೆಯಿತು. ಕರುಳಿರಬೇಕೆಂದುಕೊಂಡೆ. ಕೊನೆಗೆ ತಾಯಿಯೇ ಗೆದ್ದು ಅದನ್ನು ಗೂಡಿನ ಅಂಚಿಗೆ ಸಿಕ್ಕಿಸಿತು. ಅಲ್ಲಿಗೆ ರೀಲಿನ ಮೂವತ್ತಾರೂ ಚಿತ್ರ ಮುಗಿದಿದ್ದವು.

ಕಾರವಾರದ ಲ್ಯಾಬಿನಿಂದ ಪ್ರಿಂಟು ಬಂದ ದಿನ ಸುಗಂಧಕ್ಕನನ್ನು ಕರೆದೆ. ಒಳಗೆ ಹೊಸ ಮದುಮಕ್ಕಳಿಬ್ಬರು ಜೋಡಿ ಫೋಟೋಕ್ಕೆ ಕಾಯುತ್ತಿದ್ದರು. ಮೀನಿನ ಬುಟ್ಟಿ ಬಂದೊಡನೆ ಮದುಮಗಳು ಸೆರಗನ್ನು ಮೂಗಿಗೆ ಹಿಡಿದಳು. ಸುಗಂಧಕ್ಕ ಅದನ್ನು ಗಮನಿಸದೆ ಚಿತ್ರಗಳನ್ನು ಕಣ್ಣಿಗೊತ್ತಿಕೊಂಡರು. “ಆಯ್ ಆಯ್, ಎಷ್ಟು ಚೆಂದ ತುತ್ತು ಕೊಡ್ತದೆ ನೋಡಿ!” ಎಂದು ಮದುಮಕ್ಕಳಿಗೂ ತೋರಿಸಿದರು. ಮುಂದಿನ ಚಿತ್ರಕ್ಕೆ ಬಂದಾಗ ಅದನ್ನು ಕಣ್ಣ ಹತ್ತಿರ ಹಿಡಿದರು. ಬೆಂಚಿನ ಮೇಲೆ ಕೂತರು.

ನಾನೂ ಬಗ್ಗಿ ನೋಡಿದೆ. ತಾಯಿಯ ಕೊಕ್ಕಿಗೂ ಮರಿಯ ಕೊಕ್ಕಿಗೂ ನಡುವೆ ಬಿಗಿಯಾಗಿ ಹಸಿರು ದಾರ. ಗೂಡಿನ ಅಂಚಿನಲ್ಲಿ ಇನ್ನೂ ನಾಲ್ಕಾರು.

“ಇದನ್ನ ಯಾರಿಗೂ ತೋರಿಸ್ಲಿಲ್ಲ ಅಲ್ದಾ?” ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

“ಇಲ್ಲ.”

“ದಿನಾ ಬೆಳಿಗ್ಗೆ ಕೈ ಮುಗೀತೆ ನಾನು ಇದಕ್ಕೆ. ದೇವರಿಗೆ ಕಳ್ಳ ಅನ್ನೂಕೆ ಬರ್ತದಾ? ಅನ್ನದಿದ್ರೆ ಕಾಮಿ ಕಳ್ಳಿ ಆಗೇ ಉಳೀತಾಳೆ.”

 ಮದುಮಕ್ಕಳ ಫೋಟೋ ಮುಗಿದು ಅವರು ಹೋದಮೇಲೆ, ಸುಗಂಧಕ್ಕ ಆ ಚಿತ್ರವನ್ನು ರವಿಕೆಯಲ್ಲಿ ಸಿಕ್ಕಿಸಿಕೊಂಡು ಎದ್ದರು. “ನೀವೂ ಬನ್ನಿ. ಒಬ್ಬಳೇ ಹೋದ್ರೆ ಜಗಳ ಆಗ್ತದೆ.”

ಕಾಮಿ ಅಂಗಳದಲ್ಲಿ ಶೆಟ್ಲಿ ಸಿಗಡಿಯ ಸಿಪ್ಪೆ ಸುಲಿಯುತ್ತಿದ್ದಳು. ತೆಳ್ಳಗೆ, ಮಾತು ಕಡಿಮೆ. ಸುಗಂಧಕ್ಕ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಮಾತನ್ನು ಹೇಳಿದರು: “ಕಾಮಿ, ಎರಡು ವರ್ಷದಿಂದ ನಮ್ಮನೆ ಬಂಗಡೇನ ದೇವರೇ ತಿಂತಿದ್ನಂತೆ ಮಾರಾಯ್ತಿ.”

ಕಾಮಿ ಕೈ ಒರೆಸಿಕೊಂಡು ಚಿತ್ರ ತೆಗೆದುಕೊಂಡಳು, ಹಸಿರು ದಾರದ ಕತೆಯನ್ನೂ ಕೇಳಿದಳು.

“ಹಂಗಾರೆ ಎರಡು ವರ್ಷ ನೀ ಬೈದದ್ದು ದೇವರಿಗೆ. ನಂಗೆ ಏನೂ ಬೇಜಾರಿಲ್ಲ. ಎಲ್ಲಿ ಬೈದ್ಯೋ ಅಲ್ಲೇ ನಿಂತು ಅವನ ಹತ್ರ ತಪ್ಪಾಯ್ತು ಅನ್ನು.”

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡಗಳ ಸಾಲು ಇದ್ದಾಗ ಸುಗಂಧಕ್ಕ ಕಟ್ಟೆ ಹತ್ತಿದರಂತೆ. “ಕೇಳಿ ಹೊಯ್! ಕಾಮಿ ಕದ್ದದ್ದಲ್ಲ! ಕದ್ದದ್ದು ಗರುಡ!” ಗರುಡನ ಹೆಸರು ಹೇಳಿದಾಗಲೆಲ್ಲ ಆಕಾಶಕ್ಕೆ ಕೈ ಮುಗಿದು ಕೆನ್ನೆಗೆ ಹೊಡೆದುಕೊಂಡರಂತೆ. ಸಮಾ ಕೇಳಿಸಲಿಲ್ಲವೆಂದು ಕಾಮಿ ಮೂರು ಸಲ ಹೇಳಿಸಿದಳಂತೆ.

ಮಾರ್ಚ್ ಕೊನೆಗೆ ಮರಿಗಳು ಹಾರುವ ಹೊತ್ತಾಯಿತೆಂದು ನಾನು ಮತ್ತೆ ಲೆನ್ಸು ಹೊತ್ತು ಗುಡ್ಡ ಹತ್ತಿದೆ. ಗುಡಿಸಲಿನ ಒಳಗಿನಿಂದ ನಗು ಕೇಳುತ್ತಿತ್ತು. ಬಗ್ಗಿ ನೋಡಿದರೆ ಸುಗಂಧಕ್ಕ, ಕಾಮಿ, ನಡುವೆ ಎಲೆಯಡಿಕೆ ತಟ್ಟೆ. ಮನೆಯಲ್ಲಿ ಕೂತರೆ ಗಂಡಸರು ಕಿವಿಗೊಡುತ್ತಾರೆಂದು ಇಲ್ಲಿಗೆ ಬಂದಿದ್ದರು. ಎರಡು ವರ್ಷದ ಮಾತು ಬಾಕಿಯಿತ್ತು. ಗರುಡ ದೂರದ ತೆಂಗಿನ ಮೇಲೆ ಕೂತು ನೋಡುತ್ತಿತ್ತು.

“ಫೋಟೋದವ್ರೇ, ಹೊರಗೆ ನಿಂತ್ರೆ ಹಕ್ಕಿ ಹೆದರ್ತದೆ,” ಎಂದರು ಸುಗಂಧಕ್ಕ. “ಕೆಳಗೆ ಹೋಗಿ ಕೂತ್ಕಳಿ. ಚಾ ಬೇಕಾದ್ರೆ ಕೂಗಿ.”