ಅಮ್ಮನಲ್ಲದ ಜ್ವರ

1957ರ ಬೇಸಿಗೆ. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಯಜಮಾನರು ಹಿಪ್ಪುನೇರಳೆ ತೋಟದಿಂದ ನಡುಗುತ್ತಾ ಬಂದು ಮಲಗಿದರು. ಮೈ ಕಾದ ಹೆಂಚಾಗಿತ್ತು.

ಅತ್ತೆ ಹಣೆ ಮುಟ್ಟಿ ನೋಡಿದವರೇ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. "ಅಮ್ಮ ಬಂದವ್ಳೆ. ಔಷಧಿ ಗೀಷಧಿ ಅಂದೀಯ, ಮುನಿಸ್ಕೊಂಡಾಳು" ಎಂದರು. ಸಿಡುಬನ್ನು ಹೆಸರು ಹಿಡಿದು ಕರೆಯದೆ ಅಮ್ಮ ಎನ್ನುತ್ತಿದ್ದ ಕಾಲ ಅದು. ಬೇವು ಕಟ್ಟಿದ ಮನೆಗೆ ಡಾಕ್ಟರನ್ನು ಕರೆಸುವಂತೆಯೂ ಇರಲಿಲ್ಲ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಳಿಗೆಗೊಮ್ಮೆ ಅವರ ಅಂಗಿ ಸರಿಸಿ ಗುಳ್ಳೆ ಎದ್ದಿದೆಯೇ ಎಂದು ನೋಡುವುದು, ಬಾಗಿಲಿಗೆ ಬರುವುದು, ಮತ್ತೆ ಒಳಗೆ ಓಡುವುದು. ನಾಲ್ಕು ದಿನ ಕಳೆದರೂ ಒಂದು ಗುಳ್ಳೆಯೂ ಏಳಲಿಲ್ಲ. ಕೆಮ್ಮು ಹೆಚ್ಚಿತು, ಉಸಿರು ಗೊರಗೊರ ಎನ್ನತೊಡಗಿತು. ಬೀದಿಯಲ್ಲಿ ಒಂದೊಂದೇ ಬಾಗಿಲಿಗೆ ಬೇವು ಏರಿತು.

"ಗುಳ್ಳೇನೇ ಇಲ್ವಲ್ಲ ಅತ್ತೆ, ಆಸ್ಪತ್ರೇಲಿ ತೋರ್ಸಣ" ಎಂದೆ.

"ಒಳಗೇ ಎದ್ದಿರ್ತವೆ, ಸುಮ್ನಿರಮ್ಮ!"

ಹೆತ್ತ ಕರುಳು, ಅವರಿಗೂ ಹೆದರಿಕೆಯಿತ್ತು. ಆದರೂ ನನಗೆ ಕೋಪ ನೆತ್ತಿಗೇರುತ್ತಿತ್ತು.

ಅಷ್ಟರಲ್ಲಿ, ರೇಷ್ಮೆ ವ್ಯಾಪಾರಕ್ಕೆಂದು ಮದ್ರಾಸಿಗೆ ಹೋಗಿದ್ದ ಎದುರುಮನೆ ಸಾಬರು ಊರಿಗೆ ಮರಳಿದರು. ಬೇವು ಕಂಡು ಬೀದಿಯಲ್ಲೇ ನಿಂತು ಕೂಗಿದರು: "ದೊಡ್ಡಮ್ಮ, ಇದು ಅಮ್ಮ ಅಲ್ಲ! ಫ್ಲೂ ಜ್ವರ ಅಂತೆ. ಮದ್ರಾಸಲ್ಲಿ ಮನೆಮನೇಲೂ ಮಲಗವ್ರೆ. ಹಡಗಲ್ಲಿ ಬಂತಂತೆ. ಚೀನಾ, ಸಿಂಗಾಪುರ, ಎಲ್ಲಾ ಕಡೆ ಹಬ್ಬೈತೆ ಅಂತ ರೇಡಿಯೋದಲ್ಲೇ ಹೇಳ್ತಾವ್ರೆ."

ಅತ್ತೆ ದಡಕ್ಕನೆ ಎದ್ದರು. "ಸಮುದ್ರದ ಆಚೆಗೂ ಬಂದೈತಾ?"

"ಹ್ಞೂಂ ದೊಡ್ಡಮ್ಮ, ಲೋಕಕ್ಕೆಲ್ಲ."

"ದೇವುಡಾ! ಹಂಗಾದ್ರೆ ನಮ್ಮಮ್ಮ ಅಲ್ಲ ಬಿಡಪ್ಪ. ನಮ್ಮಮ್ಮ ಊರ ಗಡಿ ದಾಟೋಳಲ್ಲ." ಹಾಗೆಂದವರೇ ಬೇವನ್ನು ಕಿತ್ತು, ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೂ ಏನೇ ನೋಡ್ತಾ ನಿಂತಿದ್ದೀಯ? ಗಾಡಿ ಕಟ್ಟಿಸು!" ಎಂದು ನನಗೇ ಗದರಿದರು.

ಎದೆಯಲ್ಲಿ ಕಫ ಕಟ್ಟಿದೆ, ಇಷ್ಟು ತಡವಾಗಿ ತರುವುದೇ ಎಂದು ಆಸ್ಪತ್ರೆಯಲ್ಲಿ ಬೈದು ಇಂಜೆಕ್ಷನ್ ಕೊಟ್ಟರು. ಯಜಮಾನರು ಉಳಿದರು. ನಮ್ಮ ಮನೆಯ ಬೇವು ಇಳಿದದ್ದನ್ನು ನೋಡಿ ಬೀದಿಯವರೂ ಒಬ್ಬೊಬ್ಬರಾಗಿ ಇಳಿಸಿದರು.

ಆ ಜ್ವರ ಎಷ್ಟೋ ದೇಶಗಳಲ್ಲಿ ಎಷ್ಟೋ ಮನೆಗಳ ದೀಪ ಆರಿಸಿತೆಂದು ಆಮೇಲೆ ತಿಳಿಯಿತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಏಕೆಂದರೆ ಸಾಬರು "ಲೋಕಕ್ಕೆಲ್ಲ" ಎಂದಾಗ, ನಾನು ಬಾಗಿಲ ಮರೆಯಲ್ಲಿ ನಿಂತು ಸಂತೋಷದಿಂದ ಕೈ ಮುಗಿದಿದ್ದೆ.